ಚಿಕ್ಕ ಲ್ಯಾಪ್‌ಟಾಪ್‌ನ ಬೇಡದ ಆ್ಯಪ್‌ಗಳು: ಮೊದಲು ಮಲಗಿಸಿದೆ, ಆಮೇಲೆ ತೆಗೆದೆ

ನನ್ನ ಲ್ಯಾಪ್‌ಟಾಪ್ ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ, ಅಷ್ಟೇ. ಒಂದೇ ಕೈಯಲ್ಲಿ ಎತ್ತಿಕೊಂಡು ಓಡಾಡಬಹುದು. ಒಳಗೆ ಫ್ಯಾನ್ ಇಲ್ಲ, ಹಾಗಾಗಿ ಸದ್ದೂ ಇಲ್ಲ. ರ್ಯಾಮ್ 4 ಜಿಬಿ, ಸ್ಟೋರೇಜ್ 64 ಜಿಬಿ, ವಿಂಡೋಸ್ 11. ವಿಂಡೋಸ್ 11 ಹಾಕಲು ಕನಿಷ್ಠ ಬೇಕಾದದ್ದೂ ಇಷ್ಟೇ. ಅಂದರೆ ನನ್ನದು ಪಾಸಾಗಲು ಬೇಕಾದಷ್ಟೇ ಅಂಕ ತೆಗೆದ ಹುಡುಗನ ಹಾಗೆ. ಒಂದು ಅಂಕ ಆಚೆ ಈಚೆ ಆದರೂ ಕಷ್ಟ.

ಹೊಸದರಲ್ಲಿ ಚೆನ್ನಾಗಿಯೇ ಇತ್ತು. ಐದಾರು ತಿಂಗಳು ಕಳೆದ ಮೇಲೆ ಮುಚ್ಚಳ ತೆರೆದು ಪಾಸ್‌ವರ್ಡ್ ಹಾಕಿ, ಬ್ರೌಸರ್ ಮೇಲೆ ಕ್ಲಿಕ್ ಮಾಡಿ, ಸುಮ್ನೆ ಕೂತು ಕಾಯುವ ಸ್ಥಿತಿ ಬಂತು. ಒಂದು ದಿನ ಅಪ್‌ಡೇಟ್ ಹಾಕಲು ಹೋದರೆ ‘ಜಾಗ ಸಾಲದು’ ಎಂದಿತು. ನನ್ನ ಫೈಲ್‌ಗಳು ಎಲ್ಲ ಸೇರಿ ನಾಲ್ಕು ಜಿಬಿಯೂ ಇರಲಿಲ್ಲ. ಉಳಿದದ್ದೆಲ್ಲ ಯಾರದು ಅಂತ ಹುಡುಕಲು ಹೊರಟಾಗ ಈ ಕೆಲಸ ಶುರುವಾಯಿತು.

ಮೊದಲು ಒಂದು ಲೆಕ್ಕ ಹೇಳಿಬಿಡುತ್ತೇನೆ, ನಾನೇ ಇದರಲ್ಲಿ ಗೊಂದಲ ಮಾಡಿಕೊಂಡಿದ್ದೆ. ಡಬ್ಬದ ಮೇಲೆ 64 ಜಿಬಿ ಅಂತ ಇದ್ದರೂ ವಿಂಡೋಸ್ ಒಳಗೆ 59 ಚಿಲ್ಲರೆ ಮಾತ್ರ ಕಾಣುತ್ತದೆ. ಯಾರೂ ಕದ್ದಿಲ್ಲ. ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಅದರಲ್ಲೇ ರಿಕವರಿ ಭಾಗಕ್ಕೆ ಒಂದಿಷ್ಟು ಹೋಗುತ್ತದೆ. ಅಪ್‌ಡೇಟ್‌ಗೆ ಅಂತ ವಿಂಡೋಸ್ ಕೆಲವು ಜಿಬಿ ತಾನೇ ಕಾದಿರಿಸಿಕೊಳ್ಳುವುದೂ ಉಂಟು. ವಿಂಡೋಸ್ ತಾನು ಹಿಡಿಯುವ ಜಾಗ ಕಳೆದರೆ ನಮ್ಮ ಕೈಗೆ ಉಳಿಯುವುದು ಸಣ್ಣ ಪೆನ್‌ಡ್ರೈವ್‌ನಷ್ಟು.

ನಾನು ಮಾಡಿದ ಮೊದಲ ಕೆಲಸವೇ ದಂಡ. ಸ್ಟಾರ್ಟ್ ಮೆನು ತೆರೆದೆ. ಅಲ್ಲಿ ಆಟಗಳು, ವಿಡಿಯೋ ಆ್ಯಪ್‌ಗಳು, ಸಾಮಾಜಿಕ ಜಾಲತಾಣದ ಆ್ಯಪ್‌ಗಳು, ನಾನು ಯಾವತ್ತೂ ಕೇಳಿರದ ಐಕಾನ್‌ಗಳೆಲ್ಲ ಸಾಲಾಗಿ ಕೂತಿದ್ದವು. ಒಂದೊಂದರ ಮೇಲೂ ರೈಟ್ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಒತ್ತುತ್ತಾ ಹೋದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಂದೊಂದೂ ಮಾಯ. ಹತ್ತು ಹನ್ನೆರಡು ತೆಗೆದ ಮೇಲೆ ಸಿ ಡ್ರೈವ್ ನೋಡಿದೆ. ಖಾಲಿ ಜಾಗ ಕದಲಿರಲೇ ಇಲ್ಲ.

ಕಾರಣ ಆಮೇಲೆ ತಿಳಿಯಿತು. ಅವುಗಳಲ್ಲಿ ಹಲವು ನಿಜವಾಗಿ ಇನ್‌ಸ್ಟಾಲ್ ಆಗಿರಲೇ ಇಲ್ಲ. ಬರೀ ಐಕಾನ್. ನಾವು ಕ್ಲಿಕ್ ಮಾಡಿದರೆ ಆಗ ಸ್ಟೋರ್‌ನಿಂದ ಇಳಿಯುತ್ತವೆ. ಅಂಗಡಿಯ ಬೋರ್ಡ್ ಕಿತ್ತು ಹಾಕಿ ಅಂಗಡಿ ಖಾಲಿ ಮಾಡಿದೆ ಅಂದುಕೊಂಡ ಹಾಗಾಯಿತು ನನ್ನ ಕಥೆ. ಕಣ್ಣಿಗೆ ಹಿತ ಅಂತ ತೆಗೆಯಬಹುದು, ತಪ್ಪಿಲ್ಲ. ವೇಗ ಬರುತ್ತದೆ ಅಂತ ಮಾತ್ರ ನಂಬಬೇಡಿ.

ಆಮೇಲೆ ಸರಿಯಾದ ಬಾಗಿಲಿಗೆ ಹೋದೆ. ಸೆಟ್ಟಿಂಗ್ಸ್, ಅದರಲ್ಲಿ ಆ್ಯಪ್ಸ್, ಅದರಲ್ಲಿ ಇನ್‌ಸ್ಟಾಲ್ಡ್ ಆ್ಯಪ್ಸ್. ಪಟ್ಟಿಯ ಮೇಲೆ ಹೆಸರಿನ ಬದಲು ಗಾತ್ರದ ಪ್ರಕಾರ ಜೋಡಿಸುವ ಆಯ್ಕೆ ಇದೆ. ದೊಡ್ಡವು ಮೇಲೆ ಬಂದವು. ನಾನು ಒಂದೇ ಒಂದು ಸಲ ತೆರೆದಿದ್ದ ಫೋಟೋ ಎಡಿಟರ್, ಯಾವತ್ತೋ ಒಂದು ಮೀಟಿಂಗ್‌ಗೆ ಹಾಕಿಕೊಂಡ ವಿಡಿಯೋ ಕರೆಯ ಆ್ಯಪ್, ತಂಗಿ ಹಾಕಿ ಮರೆತ ಎರಡು ಆಟಗಳು. ಇವು ಲ್ಯಾಪ್‌ಟಾಪ್ ಜೊತೆ ಬಂದವಲ್ಲ, ನಾವೇ ಕರೆದು ಕೂರಿಸಿದವು. ಬೇಡದ ಆ್ಯಪ್ ಅಂದರೆ ಕಂಪನಿ ತುಂಬಿಸಿದ್ದು ಅಂತ ಬೈದುಕೊಂಡಿದ್ದ ನನಗೆ ಸ್ವಲ್ಪ ನಾಚಿಕೆಯೇ ಆಯಿತು. ಆ ನಾಲ್ಕು ತೆಗೆದಾಗಲೇ ಆರು ಜಿಬಿ ಸಿಕ್ಕಿತು.

ಜಾಗ ಸಿಕ್ಕಿತು, ಅಪ್‌ಡೇಟ್ ಕೂಡ ಆಯಿತು. ಆದರೆ ನಿಧಾನ ಹಾಗೇ ಇತ್ತು. ಇಲ್ಲಿ ನನಗೆ ಹೊಳೆದದ್ದು ಏನಂದರೆ, ಸುಮ್ಮನೆ ಮಲಗಿರುವ ಆ್ಯಪ್ ಜಾಗ ತಿನ್ನುತ್ತದೆ, ವೇಗ ತಿನ್ನುವುದಿಲ್ಲ. ವೇಗ ತಿನ್ನುವುದು ನಾವು ಕರೆಯದೆಯೇ ಎದ್ದು ಬರುವ ಆ್ಯಪ್. ಎರಡೂ ಬೇರೆ ಬೇರೆ ಕಾಯಿಲೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ, ಯಾವ ಆ್ಯಪ್ ಅನ್ನೂ ತೆರೆಯದೆ, ಐದು ನಿಮಿಷ ಬಿಟ್ಟು ನೋಡಿದೆ. ಮೆಮೊರಿ 81 ಶೇಕಡಾ ತುಂಬಿತ್ತು! ನಾನಿನ್ನೂ ಏನೂ ಮಾಡಿಲ್ಲ, ಅದಾಗಲೇ 4 ಜಿಬಿಯಲ್ಲಿ ಮೂರಕ್ಕೂ ಹೆಚ್ಚು ಹೋಗಿದೆ. ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ರ್ಯಾಮ್ ಮುಗಿಯಿತು. ರ್ಯಾಮ್ ಮುಗಿದರೆ ವಿಂಡೋಸ್ ಒಂದಷ್ಟನ್ನು ಡಿಸ್ಕ್‌ಗೆ ಬರೆದಿಟ್ಟು, ಬೇಕಾದಾಗ ಮತ್ತೆ ಓದಿಕೊಳ್ಳುತ್ತದೆ. ದೊಡ್ಡ ಲ್ಯಾಪ್‌ಟಾಪ್‌ನಲ್ಲಿ ಇದು ಗೊತ್ತೇ ಆಗದೇ ಇರಬಹುದು. ನನ್ನದರಲ್ಲಿ ಇರುವುದು ಇಎಂಎಂಸಿ. ಮೆಮೊರಿ ಕಾರ್ಡ್‌ನ ಜಾತಿಯದು, ಬೋರ್ಡ್‌ಗೆ ಬೆಸುಗೆ ಹಾಕಿರುತ್ತಾರೆ, ಬದಲಿಸಲು ಆಗುವುದಿಲ್ಲ. ಇಎಂಎಂಸಿ 5.1ರಲ್ಲಿ ಹೆಚ್ಚೆಂದರೆ ಸೆಕೆಂಡಿಗೆ 400 ಎಂಬಿ ಸಾಗಬಹುದು. ದೊಡ್ಡ ಲ್ಯಾಪ್‌ಟಾಪ್‌ಗಳಲ್ಲಿ ಸಿಗುವ, ಎನ್‌ವಿಎಂಇ ಅನ್ನುವ ವೇಗದ ಡಿಸ್ಕ್‌ಗಳು ಸಾವಿರಗಳಲ್ಲಿ ಮಾತಾಡುತ್ತವೆ. ಜೊತೆಗೆ ಇಎಂಎಂಸಿ ಒಂದೇ ಹೊತ್ತಿಗೆ ಓದುವುದನ್ನೂ ಬರೆಯುವುದನ್ನೂ ಮಾಡಲಾರದು. ಒಂದೇ ಗಾಡಿ ಹೋಗುವ ಸೇತುವೆ ಅದು. ಆ ಕಡೆಯಿಂದ ಒಂದು ಬಂದರೆ ಈ ಕಡೆಯದು ನಿಲ್ಲಬೇಕು. ಕ್ಲಿಕ್ ಮಾಡಿದ ಮೇಲೆ ಕಾಯುತ್ತಾ ಕೂತಿದ್ದದ್ದು ಈ ಸೇತುವೆಯ ಹತ್ತಿರ.

ರೀಸ್ಟಾರ್ಟ್ ಅಂದೆ, ಶಟ್‌ಡೌನ್ ಅನ್ನಲಿಲ್ಲ. ಬೇಕೆಂದೇ ಹೇಳಿದ್ದು. ಫಾಸ್ಟ್ ಸ್ಟಾರ್ಟ್‌ಅಪ್ ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ತನ್ನ ಒಳಭಾಗವನ್ನು ಡಿಸ್ಕ್‌ನಲ್ಲಿ ಬರೆದಿಟ್ಟು ಮಲಗುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಹೊಸದಾಗಿ ಏಳುತ್ತದೆ. ಏನೇ ಬದಲಾವಣೆ ಮಾಡಿದರೂ ರೀಸ್ಟಾರ್ಟ್ ಮಾಡಿ ಅಳೆಯಬೇಕು.

ಟಾಸ್ಕ್ ಮ್ಯಾನೇಜರ್‌ನಲ್ಲೇ ಸ್ಟಾರ್ಟ್‌ಅಪ್ ಆ್ಯಪ್ಸ್ ಅಂತ ಒಂದು ಭಾಗವಿದೆ. ಅಲ್ಲಿ ನನಗೆ 14 ಹೆಸರು ಕಂಡವು. ಪ್ರತಿಯೊಂದರ ಎದುರು ‘ಹೈ’, ‘ಮೀಡಿಯಂ’, ‘ಲೋ’ ಅಂತ ಇರುತ್ತದೆ. ಇದು ಅಂದಾಜಿನ ಮಾತಲ್ಲ. ಏಳುವಾಗ ಒಂದು ಸೆಕೆಂಡಿಗಿಂತ ಜಾಸ್ತಿ ಪ್ರೊಸೆಸರ್ ಹೊತ್ತು, ಅಥವಾ 3 ಎಂಬಿಗಿಂತ ಜಾಸ್ತಿ ಡಿಸ್ಕ್ ಓಡಾಟ ಮಾಡಿದ್ದಕ್ಕೆ ‘ಹೈ’ ಅನ್ನುತ್ತಾರೆ. ನನ್ನ 14ರಲ್ಲಿ ಆರು ‘ಹೈ’.

ಇಲ್ಲಿ ನಾನು ಅನ್‌ಇನ್‌ಸ್ಟಾಲ್ ಮಾಡಲಿಲ್ಲ. ನನ್ನ ಇಡೀ ವಿಧಾನ ಇಷ್ಟೇ: ಮೊದಲು ಮಲಗಿಸು, ಒಂದು ವಾರ ಬಿಡು, ಯಾರೂ ಕೇಳದಿದ್ದರೆ ತೆಗೆ. ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಒತ್ತಿದರೆ ಆ್ಯಪ್ ಎಲ್ಲೂ ಹೋಗುವುದಿಲ್ಲ, ತಾನಾಗಿ ಏಳುವುದಿಲ್ಲ ಅಷ್ಟೇ. ಬೇಕಾದರೆ ಮತ್ತೆ ಎನೇಬಲ್. ಒಂದು ಹಳೆ ನೋಟ್‌ಬುಕ್ ತೆಗೆದುಕೊಂಡು ತಾರೀಖು, ಆ್ಯಪ್ ಹೆಸರು, ಮಲಗಿಸಿದೆನೋ ತೆಗೆದೆನೋ ಅಂತ ಬರೆಯುತ್ತಾ ಹೋದೆ. ಪೇಪರ್ ಮೇಲೆ ಯಾಕೆ ಅಂದರೆ, ಲ್ಯಾಪ್‌ಟಾಪೇ ಕೈಕೊಟ್ಟರೆ ಅದರೊಳಗಿನ ಪಟ್ಟಿಯನ್ನು ಎಲ್ಲಿ ಓದಲಿ?

ಹೀಗೆ ಒಂಬತ್ತನ್ನು ಮಲಗಿಸಿದೆ. ಸಂಗೀತದ ಆ್ಯಪ್, ಚಾಟ್ ಆ್ಯಪ್, ಪ್ರಿಂಟರ್‌ನ ಸಹಾಯಕ, ‘ನಿಮ್ಮ ವಾರಂಟಿ ನೋಂದಾಯಿಸಿ’ ಅಂತ ಮೂರು ದಿನಕ್ಕೊಮ್ಮೆ ಕಿರುಚುತ್ತಿದ್ದ ಒಂದು, ಪಿಡಿಎಫ್ ಓದುವ ಆ್ಯಪ್‌ನ ಅಪ್‌ಡೇಟರ್, ಇಂಥವು. ರೀಸ್ಟಾರ್ಟ್ ಮಾಡಿದೆ. ಮೆಮೊರಿ 81ರಿಂದ 68ಕ್ಕೆ ಇಳಿಯಿತು. ಒಂದೂ ಆ್ಯಪ್ ತೆಗೆಯದೆ ಬಂದ ಲಾಭ ಇದು.

ಉಳಿದಿದ್ದರಲ್ಲಿ ದೊಡ್ಡ ಹೊಟ್ಟೆಯದು ಆಂಟಿವೈರಸ್. ಲ್ಯಾಪ್‌ಟಾಪ್ ಜೊತೆ ಒಂದು ತಿಂಗಳ ಉಚಿತ ಬಳಕೆಗೆ ಅಂತ ಬಂದಿದ್ದು. ಅವಧಿ ಮುಗಿದು ಎಷ್ಟೋ ದಿನ ಆಗಿತ್ತು. ಕಾಯುವ ಕೆಲಸ ಬಿಟ್ಟು, ‘ನಿಮಗೆ ಅಪಾಯ, ಈಗಲೇ ಹಣ ಕಟ್ಟಿ’ ಅಂತ ಹೆದರಿಸುವ ಕೆಲಸ ಹಿಡಿದಿತ್ತು. ನನಗೂ ಹೆದರಿಕೆ ಇತ್ತು. ಇದನ್ನು ತೆಗೆದರೆ ಲ್ಯಾಪ್‌ಟಾಪ್‌ಗೆ ಕಾವಲು ಯಾರು? ವಿಂಡೋಸ್‌ನಲ್ಲೇ ಡಿಫೆಂಡರ್ ಇದೆ. ಬೇರೆ ಆಂಟಿವೈರಸ್ ಇರುವವರೆಗೆ ಅದು ಪಕ್ಕಕ್ಕೆ ಸರಿದು ಕೂರುತ್ತದೆ, ಅದನ್ನು ತೆಗೆದ ಕೂಡಲೇ ತಾನಾಗಿ ಎದ್ದು ಕೆಲಸಕ್ಕೆ ಬರುತ್ತದೆ. ನನ್ನಂಥ ಸಾಮಾನ್ಯ ಬಳಕೆಗೆ ಅದು ಸಾಕು.

ಆಂಟಿವೈರಸ್ ಅನ್ನು ಸುಮ್ನೆ ಅನ್‌ಇನ್‌ಸ್ಟಾಲ್ ಮಾಡಿದರೆ ಪೂರ್ತಿ ಹೋಗದೇ ಇರಬಹುದು. ಅದು ವಿಂಡೋಸ್‌ನ ಒಳಗಿನ ಪದರಗಳಿಗೆ ಬೇರು ಬಿಟ್ಟಿರುತ್ತದೆ. ಅದಕ್ಕೇ ಆಂಟಿವೈರಸ್ ಮಾಡುವವರಲ್ಲಿ ಹಲವರು ತಮ್ಮದನ್ನು ಬುಡಸಮೇತ ಕೀಳಲು ಒಂದು ಪ್ರತ್ಯೇಕ ಸಣ್ಣ ಟೂಲ್ ಕೊಡುತ್ತಾರೆ. ಅವರ ಸ್ವಂತ ಸೈಟ್‌ನಿಂದಲೇ ಇಳಿಸಿಕೊಳ್ಳಬೇಕು. ನಾನು ಮೊದಲು ಮಾಮೂಲಿ ಅನ್‌ಇನ್‌ಸ್ಟಾಲ್, ರೀಸ್ಟಾರ್ಟ್, ಆಮೇಲೆ ಆ ಟೂಲ್, ಮತ್ತೆ ರೀಸ್ಟಾರ್ಟ್ ಮಾಡಿದೆ. ಕೊನೆಗೆ ವಿಂಡೋಸ್ ಸೆಕ್ಯುರಿಟಿ ತೆರೆದು ಡಿಫೆಂಡರ್ ಎದ್ದಿದೆಯೇ ಅಂತ ನೋಡಿಕೊಂಡೆ. ಹಸಿರು ಟಿಕ್ ಇತ್ತು. ಮೆಮೊರಿ 59 ಶೇಕಡಾ. ಈ ಒಂದು ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಉಳಿದೆಲ್ಲ ಬಿಟ್ಟು ಇದೊಂದನ್ನೇ ಮಾಡಿದ್ದರೂ ಲ್ಯಾಪ್‌ಟಾಪ್ ಅರ್ಧ ಗುಣವಾಗುತ್ತಿತ್ತು.

ಇಷ್ಟಾದ ಮೇಲೆ ನನಗೆ ಸ್ವಲ್ಪ ಸೊಕ್ಕು ಬಂತು ಅನ್ನಬೇಕು. ಪಟ್ಟಿಯಲ್ಲಿ ಲ್ಯಾಪ್‌ಟಾಪ್ ಕಂಪನಿಯ ಹೆಸರು ಹೊತ್ತ ಏಳೆಂಟು ಆ್ಯಪ್‌ಗಳಿದ್ದವು. ಮಲಗಿಸುವ ನಿಯಮವನ್ನು ನಾನೇ ಮುರಿದು, ಒಂದೇ ಕೂತಲ್ಲಿ ಎಲ್ಲವನ್ನೂ ತೆಗೆದುಹಾಕಿದೆ. ರಾತ್ರಿ ತಂಗಿ ಓದಲು ತೆಗೆದುಕೊಂಡಳು.

“ಅಕ್ಕಾ, ಸ್ಕ್ರೀನ್ ಬೆಳಕು ಕಮ್ಮಿನೇ ಆಗ್ತಿಲ್ಲ ಕಣೇ. ಕೀ ಒತ್ತಿದ್ರೆ ಏನೂ ಆಗಲ್ಲ.”

“ಸರಿಯಾಗಿ ಒತ್ತು.”

“ನೀನೇ ಒತ್ತಿ ನೋಡು.”

ಒತ್ತಿ ನೋಡಿದೆ. ಬೆಳಕಿನ ಕೀ ಇಲ್ಲ, ಟಚ್‌ಪ್ಯಾಡ್ ಆಫ್ ಮಾಡುವ ಕೀ ಇಲ್ಲ, ಬ್ಯಾಟರಿಯನ್ನು 80 ಶೇಕಡಾಕ್ಕೆ ನಿಲ್ಲಿಸುವ ವ್ಯವಸ್ಥೆಯೂ ಇಲ್ಲ. ಮೇಲಿನ ಸಾಲಿನ ಆ ವಿಶೇಷ ಕೀಗಳು ಕೆಲಸ ಮಾಡಲು ಕಂಪನಿಯ ಒಂದು ಸಣ್ಣ ಸರ್ವೀಸ್ ಹಿಂದೆ ಓಡುತ್ತಿರಬೇಕು. ಹೆಸರಿನಲ್ಲಿ ‘ಹಾಟ್‌ಕೀ’ ಅಂತ ಸ್ಪಷ್ಟವಾಗಿಯೇ ಇತ್ತು, ಓದುವ ತಾಳ್ಮೆ ನನಗಿರಲಿಲ್ಲ. ಪುಣ್ಯಕ್ಕೆ ನೋಟ್‌ಬುಕ್‌ನಲ್ಲಿ ಹೆಸರುಗಳನ್ನು ಬರೆದಿದ್ದೆ. ಲ್ಯಾಪ್‌ಟಾಪ್ ಅಡಿಯಲ್ಲಿ ಅಂಟಿಸಿದ ಮಾಡೆಲ್ ನಂಬರ್ ಹಿಡಿದು ಕಂಪನಿಯ ಸಪೋರ್ಟ್ ಪುಟದಿಂದ ಅದೊಂದನ್ನು ಮತ್ತೆ ಇಳಿಸಿ ಹಾಕಿದೆ. ಬೆಳಕಿನ ಕೀ ಬಂತು. ತಂಗಿಯ ನಗು ಮಾತ್ರ ಒಂದು ವಾರ ನಿಲ್ಲಲಿಲ್ಲ.

ಅಂದಿನಿಂದ ನನ್ನ ನೋಟ್‌ಬುಕ್‌ನಲ್ಲಿ ‘ಮುಟ್ಟಬೇಡ’ ಅಂತ ಒಂದು ಪುಟ ಇದೆ. ಚಿಪ್‌ಸೆಟ್, ಗ್ರಾಫಿಕ್ಸ್, ಆಡಿಯೋ, ವೈಫೈ, ಟಚ್‌ಪ್ಯಾಡ್ ಅಂತ ಹೆಸರಿನಲ್ಲಿ ಇರುವ ಯಾವುದನ್ನೂ ಮುಟ್ಟುವುದಿಲ್ಲ. ಮೈಕ್ರೋಸಾಫ್ಟ್ ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಅನ್ನುವುದು 2010, 2013, 2015-2022 ಅಂತ ಬೇರೆ ಬೇರೆ ವರ್ಷದ ಹೆಸರಿನಲ್ಲಿ ನಾಲ್ಕೈದು ಸಲ ಕಾಣುತ್ತದೆ. ನಕಲು ಅಂದುಕೊಂಡು ಹಳೆಯವನ್ನು ತೆಗೆಯಬೇಡಿ. ಬೇರೆ ಬೇರೆ ಆ್ಯಪ್‌ಗಳು ಬೇರೆ ಬೇರೆ ವರ್ಷದ್ದನ್ನು ನೆಚ್ಚಿಕೊಂಡಿರುತ್ತವೆ. ಹಿಡಿಯುವ ಜಾಗವೂ ಅಷ್ಟಕ್ಕಷ್ಟೇ. ವೆಬ್‌ವ್ಯೂ2 ರನ್‌ಟೈಮ್ ಕೂಡ ಹಾಗೇ. ಆ ಹೆಸರಿನ ಆ್ಯಪ್ ಅನ್ನು ನೀವು ಯಾವತ್ತೂ ತೆರೆದಿರುವುದಿಲ್ಲ, ಆದರೆ ನೀವು ತೆರೆಯುವ ಎಷ್ಟೋ ಆ್ಯಪ್‌ಗಳು ತಮ್ಮ ಪುಟವನ್ನು ಅದರ ಮೂಲಕವೇ ತೋರಿಸುತ್ತವೆ. ಮೈಕ್ರೋಸಾಫ್ಟ್ ಸ್ಟೋರ್ ಅನ್ನೂ ಉಳಿಸಿಕೊಂಡಿದ್ದೇನೆ. ಅದು ಹೋದರೆ ತೆಗೆದ ಸಣ್ಣಪುಟ್ಟದ್ದನ್ನು ವಾಪಸ್ ತರುವ ಸುಲಭದ ದಾರಿಯೇ ಹೋದಂತೆ.

ಇನ್ನೊಂದು ಸಲ ನಿಜವಾಗಿಯೇ ಎದೆ ಝಲ್ ಎಂದಿತು. ಫೈಲ್‌ಗಳನ್ನು ಕ್ಲೌಡ್‌ಗೆ ಕಳಿಸುವ ಆ್ಯಪ್ ನನಗೆ ಬೇಕಾಗಿರಲಿಲ್ಲ. ತೆಗೆದೆ. ಆಮೇಲೆ ಡಾಕ್ಯುಮೆಂಟ್ಸ್ ತೆರೆದರೆ ಅರ್ಧಕ್ಕರ್ಧ ಫೈಲ್‌ಗಳು ತೆರೆಯುತ್ತಿಲ್ಲ! ಆಗಿದ್ದು ಇಷ್ಟು. ಲ್ಯಾಪ್‌ಟಾಪ್ ಮೊದಲ ಸಲ ತೆರೆದಾಗ ಬಂದ ಪ್ರಶ್ನೆಗಳಿಗೆಲ್ಲ ‘ಸರಿ, ಸರಿ’ ಅಂತ ಒತ್ತಿದ್ದೆ. ಹಾಗಾಗಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡೂ ಕ್ಲೌಡ್ ಫೋಲ್ಡರ್ ಒಳಗೆ ಸೇರಿಕೊಂಡಿದ್ದವು. ಜಾಗ ಉಳಿಸಲು ಹಳೆ ಫೈಲ್‌ಗಳು ಕ್ಲೌಡ್‌ನಲ್ಲಿ ಮಾತ್ರ ಇದ್ದು, ಇಲ್ಲಿ ಬರೀ ಹೆಸರು ಕಾಣುತ್ತಿತ್ತು. ಆ್ಯಪ್ ತೆಗೆದಾಗ ಅವನ್ನು ಇಳಿಸಿಕೊಡುವವರೇ ಇಲ್ಲ. ಫೈಲ್‌ಗಳು ಹೋಗಿರಲಿಲ್ಲ, ಬ್ರೌಸರ್‌ನಲ್ಲಿ ಲಾಗಿನ್ ಆದರೆ ಎಲ್ಲ ಇದ್ದವು. ಆದರೂ ಆ ಹತ್ತು ನಿಮಿಷ ಬೇಡ ಸಾಕು. ನೀವು ಇಂಥ ಆ್ಯಪ್ ತೆಗೆಯುವುದಾದರೆ ಮೊದಲು ಅದರ ಸೆಟ್ಟಿಂಗ್ಸ್‌ನಲ್ಲಿ ಫೋಲ್ಡರ್ ಬ್ಯಾಕಪ್ ನಿಲ್ಲಿಸಿ. ಬೇಕಾದ ಫೈಲ್‌ಗಳನ್ನು ಪೂರ್ತಿ ಇಳಿಸಿಕೊಂಡು ಬೇರೆ ಫೋಲ್ಡರ್‌ಗೆ ಹಾಕಿ, ಒಂದೆರಡು ತೆರೆದು ನೋಡಿ. ಆಮೇಲೆ ಅನ್‌ಇನ್‌ಸ್ಟಾಲ್. ಅಥವಾ ನನ್ನ ಹಾಗೆ ಮನಸ್ಸು ಬದಲಿಸಿ. 64 ಜಿಬಿಯ ಲ್ಯಾಪ್‌ಟಾಪ್‌ಗೆ ಇಂಥದ್ದು ಒಂದು ಇದ್ದರೆ ಅನುಕೂಲವೇ. ದೊಡ್ಡ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಫ್ರೀ ಅಪ್ ಸ್ಪೇಸ್’ ಅಂದರೆ ಇಲ್ಲಿಯ ಪ್ರತಿ ಹೋಗಿ ಜಾಗ ಸಿಗುತ್ತದೆ. ನಾನು ಮತ್ತೆ ಹಾಕಿಕೊಂಡೆ.

ಕೆಲವು ಆ್ಯಪ್‌ಗಳು ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಕಾಣದೆಯೇ ಏಳುತ್ತವೆ. ಗೊತ್ತುಮಾಡಿದ ಹೊತ್ತಿಗೆ ಏಳುವ ಶೆಡ್ಯೂಲ್ಡ್ ಟಾಸ್ಕ್ ಆಗಿಯೋ, ಕಣ್ಣಿಗೆ ಕಾಣದೆ ಹಿಂದೆ ಓಡುವ ಸರ್ವೀಸ್ ಆಗಿಯೋ ಅಡಗಿರುತ್ತವೆ. ಇವನ್ನು ಹಿಡಿಯಲು ಆಟೋರನ್ಸ್ ಅನ್ನುವ ಟೂಲ್ ಬಳಸಿದೆ. ಸಿಸ್‌ಇಂಟರ್ನಲ್ಸ್ ಗುಂಪಿನದು. 2006ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು, ಈಗಲೂ ಅವರೇ ಉಚಿತವಾಗಿ ಕೊಡುತ್ತಾರೆ. ತೆರೆದ ಕೂಡಲೇ ನೂರಾರು ಸಾಲು ಕಂಡು ತಲೆ ತಿರುಗುತ್ತದೆ. ಮೆನುವಿನಲ್ಲಿ ಮೈಕ್ರೋಸಾಫ್ಟ್‌ನವನ್ನು ಮರೆಮಾಡುವ ಆಯ್ಕೆ ಇದೆ, ಅದನ್ನು ಮೊದಲು ಒತ್ತಿ. ಉಳಿದ ಪಟ್ಟಿ ಓದುವಷ್ಟು ಚಿಕ್ಕದಾಗುತ್ತದೆ. ಟಿಕ್ ತೆಗೆದರೆ ಮಲಗುತ್ತದೆ, ಟಿಕ್ ಹಾಕಿದರೆ ಏಳುತ್ತದೆ. ಡಿಲೀಟ್ ಕೂಡ ಇದೆ, ನಾನು ಅದನ್ನು ಮುಟ್ಟಿಲ್ಲ. ತಿಂಗಳುಗಳ ಹಿಂದೆ ತೆಗೆದ ವಿಡಿಯೋ ಕರೆಯ ಆ್ಯಪ್‌ನ ಅಪ್‌ಡೇಟರ್ ಇನ್ನೂ ದಿನಾ ಎದ್ದು ತನ್ನ ಯಜಮಾನನನ್ನು ಹುಡುಕುತ್ತಿದ್ದದ್ದು ಅಲ್ಲಿ ಕಂಡಿತು. ಪಾಪ.

ಬ್ರೌಸರ್ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಬ್ರೌಸರ್ ಮುಚ್ಚಿದ ಮೇಲೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಅದು ಕಾಣುತ್ತಲೇ ಇತ್ತು. ಕ್ರೋಮ್‌ನಲ್ಲೂ ಎಡ್ಜ್‌ನಲ್ಲೂ ಸೆಟ್ಟಿಂಗ್ಸ್ ಒಳಗೆ ಸಿಸ್ಟಮ್ ಭಾಗದಲ್ಲಿ, ‘ಮುಚ್ಚಿದ ಮೇಲೂ ಹಿಂದೆ ಓಡಲಿ’ ಅನ್ನುವ ಅರ್ಥದ ಒಂದು ಸ್ವಿಚ್ ಇದೆ. ಎಡ್ಜ್‌ನಲ್ಲಿ ಸ್ಟಾರ್ಟ್‌ಅಪ್ ಬೂಸ್ಟ್ ಅಂತ ಇನ್ನೊಂದು. ರ್ಯಾಮ್ ಧಾರಾಳ ಇದ್ದವರಿಗೆ ಒಳ್ಳೆಯದೇ, 4 ಜಿಬಿಯವರಿಗೆ ದುಬಾರಿ. ಎರಡನ್ನೂ ಆಫ್ ಮಾಡಿದೆ. ಎಕ್ಸ್‌ಟೆನ್ಷನ್‌ಗಳೂ ಒಂದು ರೀತಿಯ ಆ್ಯಪ್‌ಗಳೇ ಅಲ್ವಾ? 11 ಇದ್ದವು, ಮೂರು ಉಳಿದಿವೆ. ಮೂಲೆಯಲ್ಲಿ ಆಗಾಗ ‘ವೈರಸ್ ಸಿಕ್ಕಿದೆ’ ಅಂತ ಬರುತ್ತಿದ್ದದ್ದು ಆ್ಯಪ್ ಅಂತ ತಂಗಿ ವಾದಿಸುತ್ತಿದ್ದಳು. ಅದು ಅವಳು ಯಾವುದೋ ಸೈಟ್‌ಗೆ ಕೊಟ್ಟ ನೋಟಿಫಿಕೇಶನ್ ಅನುಮತಿ. ಅದನ್ನು ತೆಗೆದ ಮೇಲೆ ಆ ‘ವೈರಸ್’ ಕೂಡ ಹೋಯಿತು.

ಅನ್‌ಇನ್‌ಸ್ಟಾಲ್ ಬಟನ್ ಇಲ್ಲದ, ಇದ್ದರೂ ಬೂದು ಬಣ್ಣಕ್ಕೆ ತಿರುಗಿರುವ ಆ್ಯಪ್‌ಗಳ ವಿಷಯ. ಸ್ಟೋರ್ ಜಾತಿಯ ಆ್ಯಪ್ ಆದರೆ ಹೆಸರಿನ ಪಕ್ಕದ ಮೂರು ಚುಕ್ಕೆ ಒತ್ತಿ, ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋದರೆ ಬ್ಯಾಕ್‌ಗ್ರೌಂಡ್ ಅನುಮತಿಯನ್ನು ‘ನೆವರ್’ ಮಾಡಬಹುದು. ನನಗೆ ಬಹುತೇಕ ಅಷ್ಟೇ ಸಾಕಾಯಿತು. ಪವರ್‌ಶೆಲ್‌ನಲ್ಲಿ ಕಮಾಂಡ್ ಕೊಟ್ಟು ಇಂಥವನ್ನು ತೆಗೆಯಲೂ ಆಗುತ್ತದೆ. ಆದರೆ ಅಲ್ಲಿ ಎರಡು ಮಟ್ಟ ಇದೆ. ಒಂದು, ನಿಮ್ಮ ಅಕೌಂಟ್‌ನಿಂದ ತೆಗೆಯುವುದು. ಇನ್ನೊಂದು, ಹೊಸ ಅಕೌಂಟ್ ಮಾಡಿದಾಗ ಕೊಡಲು ವಿಂಡೋಸ್ ಎತ್ತಿಟ್ಟುಕೊಂಡ ಮೂಲ ಪ್ರತಿಯನ್ನು ತೆಗೆಯುವುದು. ಮೊದಲನೆಯದನ್ನು ಮಾತ್ರ ಮಾಡಿ, ತಂಗಿಗೆ ಬೇರೆ ಅಕೌಂಟ್ ತೆರೆದಾಗ ಎಲ್ಲ ಆ್ಯಪ್‌ಗಳೂ ಅಲ್ಲಿ ನಗುತ್ತಾ ನಿಂತಿದ್ದವು. ಯುರೋಪಿನಲ್ಲಿ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ಅನ್ನುವ ಕಾನೂನು ಬಂದ ಮೇಲೆ, 2024ರಿಂದ ಅಲ್ಲಿಯವರು ಎಡ್ಜ್ ಬ್ರೌಸರ್ ಅನ್ನೂ ಮಾಮೂಲಿ ಆ್ಯಪ್‌ನಂತೆ ತೆಗೆಯಬಹುದು. ಬೇರೆ ಕಡೆ ಆ ಬಟನ್ ಇಲ್ಲ. ಇಂಥದ್ದನ್ನು ಬಲವಂತವಾಗಿ ಕೀಳುವ ಸ್ಕ್ರಿಪ್ಟ್‌ಗಳು ಸಿಗುತ್ತವೆ. ಒಂದೇ ಲ್ಯಾಪ್‌ಟಾಪ್ ಇರುವ ನಾನು ಆ ಸಾಹಸಕ್ಕೆ ಹೋಗಲಿಲ್ಲ. ಹಾಗೇ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯನ್ನು ಗುಡಿಸುತ್ತೇವೆ ಅನ್ನುವ ರಿಜಿಸ್ಟ್ರಿ ಕ್ಲೀನರ್‌ಗಳ ತಂಟೆಗೂ ಹೋಗಲಿಲ್ಲ. ಅವುಗಳ ಬಳಕೆಯನ್ನು ಮೈಕ್ರೋಸಾಫ್ಟ್ ಬೆಂಬಲಿಸುವುದೂ ಇಲ್ಲ.

ಒಂದೇ ಸಲಕ್ಕೆ ಬೇಗ ತೆಗೆಯಬೇಕಾದಾಗ ವಿಂಗೆಟ್ ಚೆನ್ನಾಗಿದೆ. ಆ್ಯಪ್‌ಗಳನ್ನು ಹಾಕಲು, ತೆಗೆಯಲು ಇರುವ ಮೈಕ್ರೋಸಾಫ್ಟ್‌ನ ಕಮಾಂಡ್ ಅದು. ಟರ್ಮಿನಲ್ ತೆರೆದು ವಿಂಗೆಟ್ ಲಿಸ್ಟ್ ಅಂತ ಕೊಟ್ಟರೆ ಇರುವುದೆಲ್ಲದರ ಪಟ್ಟಿ ಬರುತ್ತದೆ, ವಿಂಗೆಟ್ ಅನ್‌ಇನ್‌ಸ್ಟಾಲ್ ಅಂದು ಹೆಸರು ಕೊಟ್ಟರೆ ಹೋಗುತ್ತದೆ. ಆ ಪಟ್ಟಿಯನ್ನು ಒಂದು ಫೈಲ್‌ಗೆ ಉಳಿಸಿಟ್ಟುಕೊಂಡಿದ್ದೇನೆ. ತಿಂಗಳ ಮೇಲೆ ಮತ್ತೆ ಪಟ್ಟಿ ತೆಗೆದು ಹೋಲಿಸಿದರೆ ಹೊಸದಾಗಿ ಯಾರು ಬಂದು ಸೇರಿದ್ದಾರೆ ಅಂತ ಗೊತ್ತಾಗುತ್ತದೆ.

ಆ್ಯಪ್ ಅಲ್ಲದ ಕೆಲವು ಕಡೆಯಿಂದಲೂ ಜಾಗ ಸಿಕ್ಕಿತು. ಹೈಬರ್ನೇಟ್ ನಾನು ಬಳಸುವುದಿಲ್ಲ. ಅದಕ್ಕಾಗಿ ಸಿ ಡ್ರೈವ್‌ನಲ್ಲಿ ರ್ಯಾಮ್‌ನ ಸುಮಾರು 40 ಶೇಕಡಾದಷ್ಟು ದೊಡ್ಡ ಫೈಲ್ ಒಂದು ಕೂತಿರುತ್ತದೆ. ಅಡ್ಮಿನ್ ಟರ್ಮಿನಲ್‌ನಲ್ಲಿ ಪವರ್‌ಸಿಎಫ್‌ಜಿ ಕಮಾಂಡ್ ಕೊಟ್ಟು ಆಫ್ ಮಾಡಿದರೆ ಒಂದೂವರೆ ಜಿಬಿ ವಾಪಸ್. ಇದರ ಜೊತೆ ಫಾಸ್ಟ್ ಸ್ಟಾರ್ಟ್‌ಅಪ್ ಕೂಡ ಹೋಗುತ್ತದೆ, ಅದು ತಿಳಿದಿರಲಿ. ಸೆಟ್ಟಿಂಗ್ಸ್‌ನ ಸ್ಟೋರೇಜ್‌ನಲ್ಲಿ ಟೆಂಪರರಿ ಫೈಲ್ಸ್ ತೆರೆದರೆ ಹಳೆ ಅಪ್‌ಡೇಟ್‌ಗಳ ಉಳಿಕೆ ಸಿಗುತ್ತದೆ. ದೊಡ್ಡ ಅಪ್‌ಡೇಟ್ ಆದಾಗ ಹಿಂದಿನ ವಿಂಡೋಸ್ ಅನ್ನೇ ಹತ್ತು ದಿನ ಇಟ್ಟುಕೊಂಡಿರುತ್ತದೆ, ಬೇಡವಾದರೆ ಹಿಂದಕ್ಕೆ ಹೋಗಲಿ ಅಂತ. ಹೊಸದು ಸರಿ ಓಡುತ್ತಿದೆ ಅನ್ನಿಸಿದರೆ ಅದನ್ನು ಮೊದಲೇ ತೆಗೆಯಬಹುದು. ಅದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಫೋಲ್ಡರ್ ಕೂಡ ಇದೆ! ಎಲ್ಲಕ್ಕೂ ಟಿಕ್ ಹಾಕಿ ಒತ್ತಿಬಿಟ್ಟರೆ ಇಳಿಸಿಟ್ಟುಕೊಂಡ ನಿಮ್ಮ ದಾಖಲೆಗಳೂ ಹೋಗುತ್ತವೆ. ಓದಿ ಟಿಕ್ ಹಾಕಿ.

ಇಷ್ಟೆಲ್ಲ ಯಾಕೆ, ರೀಸೆಟ್ ಮಾಡಿದರೆ ಆಯಿತಲ್ಲ ಅಂತ ಕೇಳಿದವರಿದ್ದಾರೆ. ನಾನೂ ಯೋಚಿಸಿದ್ದೆ. ಲ್ಯಾಪ್‌ಟಾಪ್‌ನಲ್ಲೇ ಇರುವ ಪ್ರತಿಯಿಂದ ರೀಸೆಟ್ ಮಾಡಿದರೆ ಕಂಪನಿ ತುಂಬಿಸಿದ ಆ್ಯಪ್‌ಗಳು ಮತ್ತೆ ಬಂದು ಕೂರುವ ಸಾಧ್ಯತೆ ಇದೆ. 8 ಜಿಬಿ ಪೆನ್‌ಡ್ರೈವ್‌ಗೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ವಿಂಡೋಸ್ ಹಾಕಿ, ಅದರಿಂದ ಶುರು ಮಾಡಿದರೆ ಶುದ್ಧ ವಿಂಡೋಸ್ ಸಿಗುತ್ತದೆ. ಆದರೆ ಅದಕ್ಕೂ ಒಂದು ತೊಡಕಿದೆ. ವಿಂಡೋಸ್ 8ರ ಕಾಲದಿಂದ, ಲ್ಯಾಪ್‌ಟಾಪ್‌ನ ಫರ್ಮ್‌ವೇರ್ (ಡಿಸ್ಕ್‌ನಲ್ಲಲ್ಲ, ಬೋರ್ಡ್‌ನ ಚಿಪ್‌ನಲ್ಲೇ ಇರುವ ಸಾಫ್ಟ್‌ವೇರ್) ಒಳಗೇ ಒಂದು ಪ್ರೋಗ್ರಾಂ ಇಟ್ಟು, ವಿಂಡೋಸ್ ಏಳುವಾಗ ಅದನ್ನು ಓಡಿಸುವ ದಾರಿ ತಯಾರಕರಿಗೆ ಸಿಕ್ಕಿದೆ. ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಹಾಕಿದರೂ ಕಂಪನಿಯ ಆ್ಯಪ್ ಎದ್ದು ‘ನನ್ನನ್ನು ಇನ್‌ಸ್ಟಾಲ್ ಮಾಡಲೇ?’ ಅಂತ ಕೇಳುವುದು ಇದರಿಂದ. ಕೆಲವು ಮಾಡೆಲ್‌ಗಳ ಬಯೋಸ್‌ನಲ್ಲಿ, ಅಂದರೆ ಆ ಫರ್ಮ್‌ವೇರ್‌ನ ಸೆಟ್ಟಿಂಗ್ಸ್ ಪುಟದಲ್ಲಿ, ಅದನ್ನು ಆಫ್ ಮಾಡುವ ಸ್ವಿಚ್ ಇರುತ್ತದೆ. ನನ್ನದರಲ್ಲಿ ಇತ್ತು. ಆಫ್ ಮಾಡಿದೆ. ರೀಸೆಟ್ ಮಾತ್ರ ಮಾಡಲಿಲ್ಲ, ಅಷ್ಟರಲ್ಲಿ ಲ್ಯಾಪ್‌ಟಾಪ್ ಸರಿಹೋಗಿತ್ತು.

ಈಗ ಹೊಸ ಆ್ಯಪ್ ಹಾಕುವ ಮೊದಲು ಬ್ರೌಸರ್‌ನಲ್ಲೇ ಆ ಕೆಲಸ ಆಗುತ್ತದೆಯೇ ಅಂತ ನೋಡುತ್ತೇನೆ. ವಿಡಿಯೋ ಮೀಟಿಂಗ್, ಸಣ್ಣ ಫೋಟೋ ತಿದ್ದುಪಡಿ, ಚಾಟ್, ಇವಕ್ಕೆಲ್ಲ ಟ್ಯಾಬ್ ಸಾಕು. ಮುಚ್ಚಿದರೆ ಹೋಯಿತು. ಹಾಕಲೇಬೇಕಾದರೆ ಇನ್‌ಸ್ಟಾಲ್ ಮಾಡುವಾಗ ‘ನೆಕ್ಸ್ಟ್, ನೆಕ್ಸ್ಟ್’ ಒತ್ತುವುದಿಲ್ಲ. ಕಸ್ಟಮ್ ಅನ್ನುವುದು ಇದ್ದರೆ ಅದನ್ನೇ ಆರಿಸಿ, ಜೊತೆಗೆ ತಳ್ಳುವ ಟೂಲ್‌ಬಾರ್ ಟಿಕ್‌ಗಳನ್ನು ತೆಗೆಯುತ್ತೇನೆ. ಹಾಕಿದ ಕೂಡಲೇ ಸ್ಟಾರ್ಟ್‌ಅಪ್ ಪಟ್ಟಿ ನೋಡುತ್ತೇನೆ. ಒಮ್ಮೆ ಮಲಗಿಸಿದ ಆ್ಯಪ್ ಅಪ್‌ಡೇಟ್ ಆದಾಗ ಮತ್ತೆ ಎದ್ದು ಕೂತಿದ್ದೂ ಇದೆ, ಹಾಗಾಗಿ ತಿಂಗಳಿಗೊಮ್ಮೆ ಹತ್ತು ನಿಮಿಷ ಈ ಕೆಲಸಕ್ಕೆ ಇಟ್ಟುಕೊಂಡಿದ್ದೇನೆ.

ನೋಟ್‌ಬುಕ್‌ನ ಕೊನೆಯ ಪುಟದ ಪ್ರಕಾರ: ರೀಸ್ಟಾರ್ಟ್ ಆಗಿ ಐದು ನಿಮಿಷಕ್ಕೆ ಮೆಮೊರಿ 54 ಶೇಕಡಾ, ಸಿ ಡ್ರೈವ್‌ನಲ್ಲಿ ಖಾಲಿ 19 ಜಿಬಿ, ತಾನಾಗಿ ಏಳುವ ಆ್ಯಪ್‌ಗಳು ಮೂರು. ಅದರ ಕೆಳಗೆ ತಂಗಿಯ ಕೈಬರಹದಲ್ಲಿ ಒಂದು ಸಾಲು ಇದೆ: “ಆಟ ಒಂದು ಹಾಕಿದೀನಿ. ಒಂದು ವಾರ ಮುಟ್ಟಬೇಡ.”